ವಿಮಾನ ಸಪೂರ ಆಯಿತೇ?

ಬದಿಯಡ್ಕದಿಂದ ಪತ್ರ ಬರೆದ ಹಿರಿಯರಿಗೆ ನಮಸ್ಕಾರ. ಮಗಳ ಮನೆಗೆಂದು ಮಂಗಳೂರಿನಿಂದ ದುಬೈಗೆ ಹೋಗುವಾಗ ನಿಮಗೆ ನಡುವಿನ ಸೀಟು ಸಿಕ್ಕಿತಂತೆ. ದಾರಿಯುದ್ದಕ್ಕೂ ಭುಜ ಮುದುಡಿಕೊಂಡೇ ಕೂತಿರಂತೆ. ‘ಕಂಪೆನಿಯವರು ವಿಮಾನವನ್ನೇ ಸಪೂರ ಮಾಡಿದ್ದಾರಾ?’ ಎಂದು ಕೇಳಿದ್ದೀರಿ.

ಇಲ್ಲ ಮಾರಾಯ್ರೇ. ನೀವು ಹೋದದ್ದು ಬೋಯಿಂಗ್ 737. ಅದು 1967ರಲ್ಲಿ ಮೊದಲ ಸಲ ಹಾರಿದಾಗ ಎಷ್ಟು ದಪ್ಪ ಇತ್ತೋ ಇವತ್ತಿಗೂ ಅಷ್ಟೇ. ಒಳಗಿನ ಅಗಲ ಸುಮಾರು 3.54 ಮೀಟರ್. ಸಾಲಿಗೆ ಆರು ಸೀಟು, ನಡುವೆ ದಾರಿ. ಒಬ್ಬೊಬ್ಬರಿಗೆ ಸಿಗುವುದು ಹೆಚ್ಚುಕಡಿಮೆ 17 ಇಂಚು. ಏರ್‌ಬಸ್ ಎ320ರಲ್ಲೂ ಆರೇ ಸೀಟು, ಆದರೆ ಒಳಗಿನ ಅಗಲ 3.70 ಮೀಟರ್. ಆ 16 ಸೆಂಟಿಮೀಟರನ್ನು ಆರು ಜನಕ್ಕೆ ಹಂಚಿ ನೋಡಿ, ತಲೆಗೆ ಒಂದು ಇಂಚು ಜಾಸ್ತಿ.

ಒಂದು ಇಂಚು ಏನು ಮಹಾ ಅನ್ನಬೇಡಿ. ಆ 17 ಇಂಚು ಸೀಟಿನ ಎರಡು ಕೈಗಳ ನಡುವಿನ ಅಳತೆ. ಸೊಂಟಕ್ಕೆ ಹೇಗೋ ಸಾಕಾಗುತ್ತದೆ, ಕಷ್ಟ ಇರುವುದು ಭುಜಕ್ಕೆ. ಗಂಡಸರ ಭುಜ ಸಾಧಾರಣವಾಗಿ ಅದಕ್ಕಿಂತ ಅಗಲ ಅಲ್ವಾ? ಕಿಟಕಿಯವರು ಗೋಡೆಗೆ ಒರಗುತ್ತಾರೆ, ದಾರಿ ಬದಿಯವರು ದಾರಿಗೆ ವಾಲುತ್ತಾರೆ. ನಡುವಿನವರು ಎಲ್ಲಿಗೆ ಹೋಗಬೇಕು?

ನಿಮ್ಮ ಸಿಟ್ಟನ್ನು ದೊಡ್ಡ ವಿಮಾನಗಳಿಗೆ ಉಳಿಸಿಕೊಳ್ಳಿ. ಬೋಯಿಂಗ್ 777 ಬಳಕೆಗೆ ಬಂದದ್ದು 1995ರಲ್ಲಿ. ಆಗ ಇಕಾನಮಿಯಲ್ಲಿ ಸಾಮಾನ್ಯವಾಗಿ ಸಾಲಿಗೆ ಒಂಬತ್ತು ಸೀಟು. ಈಗ ಹೆಚ್ಚಿನ ಕಂಪೆನಿಗಳು ಅದೇ ಅಗಲದಲ್ಲಿ ಹತ್ತು ಸೀಟು ಕೂರಿಸಿವೆ. ಮೂರು ಜನರ ಬಸ್ ಸೀಟಿನಲ್ಲಿ ‘ಸ್ವಲ್ಪ ಜರುಗಿ’ ಎಂದು ನಾಲ್ಕನೆಯವರು ಕೂತ ಹಾಗೆ. ಎಂಟು ಸೀಟಿನ ಲೆಕ್ಕದಲ್ಲಿ ಯೋಚಿಸಿದ್ದ ಬೋಯಿಂಗ್ 787ರಲ್ಲೂ ಈಗ ಹೆಚ್ಚಾಗಿ ಒಂಬತ್ತು. ಮುಂದೆ ಅಮೆರಿಕಕ್ಕೋ ಮತ್ತೆಲ್ಲಿಗೋ ಹೊರಟರೆ ಟಿಕೆಟ್ ತೆಗೆಯುವ ಮೊದಲು ಯಾವ ವಿಮಾನ, ಸಾಲಿಗೆ ಎಷ್ಟು ಸೀಟು ಎಂದು ನೋಡಿಸಿಕೊಳ್ಳಿ. ಏರ್‌ಬಸ್ ಎ350ರಲ್ಲಿ ಸಾಲಿಗೆ ಒಂಬತ್ತಾದರೆ ಸೀಟು ಸುಮಾರು 18 ಇಂಚು.

ಮೊಣಕಾಲು ತಾಗುತ್ತಿತ್ತು ಎಂದಿರಲ್ಲ, ಅದರ ಲೆಕ್ಕ ಬೇರೆ. ಸೀಟುಗಳು ನೆಲದ ಹಳಿಯ ಮೇಲೆ ಕೂತಿರುತ್ತವೆ, ಸಾಲುಗಳನ್ನು ಹತ್ತಿರ ತರಬಹುದು. ಕಡಿಮೆ ದರದ ಕಂಪೆನಿಗಳು 28–29 ಇಂಚಿಗೊಂದು ಸಾಲು ಹಾಕುವುದುಂಟು. ಸೀಟಿನ ಬೆನ್ನಿನ ದಪ್ಪವೂ ಅದರೊಳಗೇ ಬಂತು.

ತುರ್ತು ಬಾಗಿಲಿನ ಸಾಲಿನಲ್ಲಿ ಕಾಲಿಗೆ ಜಾಗ ಜಾಸ್ತಿ, ನಿಜ. ಆದರೆ ಅಲ್ಲಿ ಬಾಗಿಲು ತೆಗೆಯುವ ಶಕ್ತಿ ಇರುವವರನ್ನೇ ಕೂರಿಸುತ್ತಾರೆ. ದುಬೈಗಾದರೆ ನಾಲ್ಕು ಕಾಸು ಹೆಚ್ಚು ಕೊಟ್ಟು ದಾರಿ ಬದಿಯ ಸೀಟು ಹಿಡಿಯಿರಿ, ಸಾಕು.

ನಡುವಿನ ಸೀಟಿನ ಎರಡು ಕೈ ಯಾರಿಗೆ ಸೇರಿದ್ದು ಎಂದೂ ಕೇಳಿದ್ದೀರಿ. ನನ್ನ ತೀರ್ಪು ಕೇಳಿದರೆ, ಎರಡೂ ನಡುವಿನವರಿಗೇ. ಮುಂದಿನ ಸಲ ಸಂಕೋಚ ಬೇಡ, ಸುಮ್ನೆ ಮೊಣಕೈ ಇಟ್ಟುಬಿಡಿ.

– ಸಂ.