ಫ್ರಾಂಕ್‌ಫರ್ಟ್‌ನಲ್ಲಿ ಮಕ್ಕಳ ಜೊತೆ ಒಂದು ಭಾನುವಾರ

ಪ್ರಶ್ನೆ: ಮೇಡಂ, ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೋಗುವಾಗ ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುತ್ತಿದ್ದೇವೆ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಸಂಜೆವರೆಗೆ ಸಮಯವಿದೆ. ಅಲ್ಲಿ ನದಿ ದಂಡೆಯ ಉದ್ದಕ್ಕೂ ಮ್ಯೂಸಿಯಂಗಳಿವೆಯಂತೆ. ಮಗನಿಗೆ ಹತ್ತು, ಮಗಳಿಗೆ ಆರು ವರ್ಷ. ಅವರಿಗೆ ಬೋರಾಗದಂತೆ ಹೇಗೆ ನೋಡುವುದು?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಮೊದಲು ವೀಸಾ ನೋಡಿಕೊಳ್ಳಿ. ವಿಮಾನ ನಿಲ್ದಾಣದಿಂದ ಹೊರಗೆ ಬರಲು ಷೆಂಗೆನ್ ವೀಸಾ ಬೇಕೇ ಬೇಕು.

ನದಿ ದಂಡೆಯದ್ದನ್ನು ಭಾನುವಾರವೇ ಮುಗಿಸಿ. ಸೋಮವಾರ ಅಲ್ಲಿನ ಹೆಚ್ಚಿನ ಮ್ಯೂಸಿಯಂಗಳಿಗೆ ರಜೆ. ಭಾನುವಾರ ಅಂಗಡಿಗಳಿಗೆ ರಜೆ! ಹಾಲು, ಬ್ರೆಡ್ಡು, ಹಣ್ಣು ಶನಿವಾರವೇ ತಂದಿಟ್ಟುಕೊಳ್ಳಿ. ಮರೆತರೆ ದೊಡ್ಡ ರೈಲ್ವೆ ಸ್ಟೇಷನ್ನಿನೊಳಗಿನ ಅಂಗಡಿಗಳೇ ಗತಿ.

ಮೈನ್ ನದಿಯ ದಕ್ಷಿಣ ದಂಡೆಯಲ್ಲಿ ಶೌಮೈನ್‌ಕೈ ಅಂತ ರಸ್ತೆ. ನಮ್ಮ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ, ವೆಂಕಟಪ್ಪ ಗ್ಯಾಲರಿ ಅಕ್ಕಪಕ್ಕ ಇವೆಯಲ್ವಾ, ಹಾಗೇ ಅಲ್ಲೂ, ಆದರೆ ಸಾಲು ತುಂಬಾ ಉದ್ದ. ಎಲ್ಲಕ್ಕೂ ನುಗ್ಗಬೇಡಿ. ನನ್ನ ಮಗಳು ಆ ಊರಿನಲ್ಲೇ ಇರುವುದರಿಂದ ಮೊಮ್ಮಕ್ಕಳನ್ನು ಕಟ್ಟಿಕೊಂಡು ಸಾಕಷ್ಟು ಅಲೆದಿದ್ದೇನೆ. ದಿನಕ್ಕೆ ಮೂರು ಮ್ಯೂಸಿಯಂ ಧಾರಾಳ ಸಾಕು.

ಬೆಳಿಗ್ಗೆ ಸಂಪರ್ಕ (ಕಮ್ಯುನಿಕೇಷನ್) ಮ್ಯೂಸಿಯಂನಿಂದ ಶುರು ಮಾಡಿ. ಅಲ್ಲೊಂದು ಕುರಿಮಂದೆ ಇದೆ. ಕುರಿಗಳ ಮುಖ ಹಳೆಯ ಟೆಲಿಫೋನು, ಮೈಮೇಲಿನ ಉಣ್ಣೆ ಫೋನಿನ ಸುರುಳಿ ವೈರು! ಡಯಲ್ ತಿರುಗಿಸುವ ಫೋನನ್ನೇ ಕಾಣದ ಮಕ್ಕಳಿಗೆ ನೀವೇ ಕಥೆ ಹೇಳಬೇಕಾಗುತ್ತದೆ.

ಆಮೇಲೆ ಶ್ಟೇಡೆಲ್. ಚಿತ್ರಗಳ ದೊಡ್ಡ ಸಂಗ್ರಹ ಅದು, 1815ರಲ್ಲಿ ಸ್ಥಾಪನೆಯಾದದ್ದು. ಎಲ್ಲ ಕೋಣೆ ಸುತ್ತಿಸಿದರೆ ಮಕ್ಕಳು ನೆಲದ ಮೇಲೆ ಕೂತುಬಿಡುತ್ತಾರೆ. ಒಂದೇ ಚಿತ್ರ ಹುಡುಕಲು ಹೇಳಿ: ಬಿಳಿ ನಿಲುವಂಗಿ, ಅಗಲ ಟೋಪಿ ಹಾಕಿಕೊಂಡು ಒರಗಿ ಕೂತ ಜರ್ಮನ್ ಕವಿ ಗಯಟೆ. ಟಿಶ್‌ಬೈನ್ ಎಂಬ ಕಲಾವಿದ 1787ರಲ್ಲಿ ಬರೆದದ್ದು. ಸಿಕ್ಕಿದ ಮೇಲೆ, ಕಾಲು ಸರಿಯಾಗಿ ನೋಡಿ ಅನ್ನಿ. ಎರಡೂ ಎಡಗಾಲಿನ ಹಾಗೆಯೇ ಇವೆ! ಅಲ್ಲಿಗೆ ಹೊರಗೆ ಬನ್ನಿ. ಇಷ್ಟಕ್ಕೇ ಟಿಕೆಟ್ ದುಡ್ಡು ಕೊಟ್ಟೆವಾ ಅಂತ ಯಜಮಾನರು ಗೊಣಗಿದರೆ ಗೊಣಗಲಿ.

ಊಟಕ್ಕೆ ನದಿ ಪಕ್ಕದ ಹುಲ್ಲಿನ ಮೇಲೆ ಕೂತು, ಚಪಾತಿ, ಚಟ್ನಿಪುಡಿ ಬಿಚ್ಚಿ. ನಂತರ ಐಸರ್ನರ್ ಶ್ಟೇಗ್ ಎಂಬ ಕಬ್ಬಿಣದ ಕಾಲುಸೇತುವೆ ದಾಟಿ. ಕಂಬಿಗಳ ತುಂಬಾ ಪ್ರೇಮಿಗಳು ಹಾಕಿದ ಬೀಗಗಳಿವೆ, ಮಕ್ಕಳು ಎಣಿಸುತ್ತಾ ನಿಲ್ಲುತ್ತಾರೆ, ಎಳೆದುಕೊಂಡೇ ಹೋಗಬೇಕು. ಆಚೆ ದಂಡೆಯ ಇತಿಹಾಸ ಮ್ಯೂಸಿಯಂನಲ್ಲಿ ಒಂದು ದೈತ್ಯ ಗಾಜಿನ ಗೋಳ. ರೋಬೋಟ್ ಕೈಯೊಂದು ಊರಿನ ಬೇರೆಬೇರೆ ಮಾದರಿಗಳನ್ನು ತಂದು ಅದರೊಳಗೆ ಇಡುತ್ತದೆ. ನಿಮ್ಮ ಮಗನನ್ನು ಅಲ್ಲಿಂದ ಏಳಿಸುವುದು ಕಷ್ಟ.

ಸೋಮವಾರಕ್ಕೆ ಝೆಂಕೆನ್‌ಬರ್ಗ್ ಎಂಬ ಪ್ರಕೃತಿ ವಿಜ್ಞಾನದ ಮ್ಯೂಸಿಯಂ ಇಟ್ಟುಕೊಳ್ಳಿ. ನದಿಯಿಂದ ದೂರ, ಆದರೆ ಅವತ್ತು ತೆರೆದಿರುತ್ತದೆ, ಮತ್ತು ಒಳಗೆ ಡೈನೋಸಾರ್‌ಗಳಿವೆ. ಪರ್ಸಿನಲ್ಲಿ ಯೂರೋ ನಾಣ್ಯಗಳಿರಲಿ, ಬ್ಯಾಗಿನ ಲಾಕರ್‌ಗೆ ಬೇಕಾಗಬಹುದು.