ಅಂಡಾಶಯದ ಕ್ಯಾನ್ಸರಿಗೂ ಉರಿಯೂತಕ್ಕೂ ಏನು ಸಂಬಂಧ?

ಹಾಸನದಲ್ಲಿ ನಿಮ್ಮ ಅತ್ತೆಯವರ ಹೊಟ್ಟೆಯಿಂದ ನೀರು ತೆಗೆದ ವೈದ್ಯರು ಉರಿಯೂತದ ಮಾತೆತ್ತಿದರೆಂದೂ, ದೇಹದ ರಕ್ಷಣಾ ಕೋಶಗಳೇ ಅಂಡಾಶಯದ ಕ್ಯಾನ್ಸರಿಗೆ ನೆರವಾಗುತ್ತವೆಯೇ ಎಂದೂ ಕೇಳಿದ್ದೀರಿ. ಹೌದು, ಹಲವು ವೇಳೆ ನೆರವಾಗುತ್ತವೆ.

ಪ್ರತಿ ತಿಂಗಳು ಅಂಡ ಹೊರಬರುವಾಗ ಅಂಡಾಶಯದ ಹೊರಪದರ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಆಗಿನ ಉರಿಯೂತದ ದ್ರವವು ಪಕ್ಕದ ಅಂಡನಾಳದ ತುದಿಯನ್ನೂ ತೋಯಿಸುವುದರಿಂದ, ವರ್ಷಗಟ್ಟಲೆ ಇದು ಮರುಕಳಿಸಿದಾಗ ಅಲ್ಲಿನ ಜೀವಕೋಶಗಳ ಡಿಎನ್‌ಎಗೆ ಹಾನಿಯಾಗಬಹುದು. ಗರ್ಭನಿರೋಧಕ ಮಾತ್ರೆಗಳು ಅಂಡ ಹೊರಬರುವುದನ್ನು ತಡೆಯುತ್ತವೆ; ಅವು ಈ ಕ್ಯಾನ್ಸರಿನ ಅಪಾಯ ತಗ್ಗಿಸುವುದಕ್ಕೆ ಇದೂ ಒಂದು ಕಾರಣವೆಂದು ಭಾವಿಸಲಾಗಿದೆ.

ಗಡ್ಡೆ ಬೆಳೆದ ಮೇಲೆ, ರೋಗಾಣುಗಳನ್ನು ನುಂಗಬೇಕಾದ ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳು ಗಾಯ ಮಾಯಿಸುವ ಕೆಲಸಕ್ಕೆ ಇಳಿದು, ಹೊಸ ರಕ್ತನಾಳಗಳನ್ನು ಬೆಳೆಸುವ ಮತ್ತು ಕ್ಯಾನ್ಸರ್ ಕೋಶಗಳನ್ನು ಕೊಲ್ಲಬಲ್ಲ ಟಿ ಕೋಶಗಳನ್ನು (ಇನ್ನೊಂದು ಬಗೆಯ ರಕ್ಷಣಾ ಕೋಶಗಳು) ತಡೆಯುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ನೀವು ಹೇಳಿದ ಹೊಟ್ಟೆಯ ನೀರಿನಲ್ಲಿ ಸಾಮಾನ್ಯವಾಗಿ ಈ ಮ್ಯಾಕ್ರೋಫೇಜ್‌ಗಳೂ ಉರಿಯೂತ ಹೆಚ್ಚಿಸುವ ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನೂ ಹೇರಳವಾಗಿರುತ್ತವೆ.

ರಕ್ತಪರೀಕ್ಷೆಯ ಸಿಎ-125 (ಅಂಡಾಶಯದ ಕ್ಯಾನ್ಸರಿನಲ್ಲಿ ಹಲವು ವೇಳೆ ಏರುವ ಪ್ರೋಟೀನ್) ಬಗ್ಗೆ ಮಾತ್ರ ಎಚ್ಚರ ಬೇಕು: ಹೊಟ್ಟೆಯ ಕ್ಷಯದಲ್ಲೂ (ನಮ್ಮ ಕಡೆ ಅದೇನೂ ಅಪರೂಪವಲ್ಲ) ನೀರು ತುಂಬಿ ಆ ಸಂಖ್ಯೆ ಏರುತ್ತದೆ. ಆದ್ದರಿಂದ ಬಯಾಪ್ಸಿ (ಅಂಗಾಂಶದ ತುಣುಕಿನ ಪರೀಕ್ಷೆ) ಆಗದೆ ಕ್ಯಾನ್ಸರೆಂದು ತೀರ್ಮಾನಿಸಬೇಡಿ. ಕ್ಯಾನ್ಸರೇ ಆಗಿದ್ದರೆ ಉರಿಯೂತ ಇಳಿಸುವ ಮಾತ್ರೆ ಸಾಲದು, ಶಸ್ತ್ರಚಿಕಿತ್ಸೆ ಮತ್ತು ಕೀಮೋಥೆರಪಿಯೇ ಮುಖ್ಯ. ಅದಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ವಿಚಾರಿಸಬಹುದು.