ಹಿಲ್ಟನ್ ಆಫ್ ಕ್ಯಾಡ್‌ಬಾಲ್ ಕಲ್ಲಿನಲ್ಲಿದ್ದ ಶಿಲುಬೆ ಎಲ್ಲಿ ಹೋಯಿತು?

ಅದನ್ನು ಉಳಿಯಿಂದ ಕೆತ್ತಿ ತೆಗೆದುಬಿಟ್ಟರು. ಉತ್ತರ ಸ್ಕಾಟ್ಲೆಂಡಿನ ಕಡಲತೀರದಲ್ಲಿ ಪಿಕ್ಟ್ ಎಂಬ ಪ್ರಾಚೀನ ಜನ ಕ್ರಿ.ಶ. 800ರ ಆಸುಪಾಸಿನಲ್ಲಿ ನಿಲ್ಲಿಸಿದ ಈ ಕಲ್ಲಿನ ಒಂದು ಮುಖದಲ್ಲಿ ಶಿಲುಬೆಯಿತ್ತು, ಇನ್ನೊಂದರಲ್ಲಿ ಬೇಟೆಯ ದೃಶ್ಯ. 1676ರಲ್ಲಿ ಅಲೆಕ್ಸಾಂಡರ್ ಡಫ್ ಎಂಬಾತ ಮತ್ತು ಅವನ ಮೂವರು ಹೆಂಡತಿಯರ ಸ್ಮಾರಕಶಿಲೆ ಮಾಡಲೆಂದು ಶಿಲುಬೆಯ ಮುಖವನ್ನು ನುಣುಪಾಗಿಸಿ ಅಕ್ಷರ ಕೊರೆದರು.

ಅದು ಉಬ್ಬುಶಿಲ್ಪವಾದ್ದರಿಂದ ಮೇಲ್ಪದರ ಹೋದರೆ ಚಿತ್ರವೇ ಹೋದಂತೆ. ಆದರೆ ಅದೇ ಕಾರಣಕ್ಕೆ ಶಿಲುಬೆ ಪೂರ್ತಿ ನಾಶವಾಗಲಿಲ್ಲ: ಚಕ್ಕೆಗಳು ಅಲ್ಲೇ ಬಿದ್ದು ಮಣ್ಣಿನಡಿ ಉಳಿದವು. 2001ರ ಉತ್ಖನನದಲ್ಲಿ ಕಲ್ಲಿನ ಮುರಿದ ಬುಡದ ಜೊತೆಗೆ ಸಾವಿರಾರು ಚೂರುಗಳು ಸಿಕ್ಕವು. ಬೆರಳಗಲದ ಚೂರಿನಲ್ಲೂ ಹೆಣಿಗೆಯಂಥ ಚಿತ್ತಾರದ ಒಂದು ಎಳೆ ಕಾಣಬಹುದು. ತಜ್ಞರು ಅವನ್ನು ಒಂದೊಂದಾಗಿ ಹೊಂದಿಸಿ ನೋಡಿದ ತಾಳ್ಮೆಗೆ ನಾನಂತೂ ಕೈಮುಗಿಯುತ್ತೇನೆ.

ಬೇಟೆಯ ಮುಖ ಬಚಾವಾಯಿತು. ಅಲ್ಲಿ ಕುದುರೆಯ ಮೇಲೆ ಒಂದೇ ಪಕ್ಕಕ್ಕೆ ಕಾಲಿಟ್ಟು ಕೂತ ಹೆಂಗಸು ನೇರ ನಮ್ಮತ್ತಲೇ ನೋಡುತ್ತಾಳೆ. ಎದೆಯ ಮೇಲೆ ಬಟ್ಟೆಗೆ ಸಿಕ್ಕಿಸುವ ದೊಡ್ಡ ಬ್ರೋಚ್, ಪಕ್ಕದಲ್ಲಿ ಕನ್ನಡಿ, ಬಾಚಣಿಗೆ. ಕಲ್ಲಿನ ಮೇಲ್ಭಾಗ ಈಗ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಬುಡ ಹಿಲ್ಟನ್ ಪಕ್ಕದ ಬ್ಯಾಲಿಂಟೋರ್ ಹಳ್ಳಿಯಲ್ಲಿದೆ.